ಏಳು ವಾರ ಮಾಯದ ಗಾಯ

ಹೆಬ್ಬಾಲೆ
ಜನವರಿ ೧೭, ೨೦೨೫, ಶುಕ್ರವಾರ

ಮಹೇಶ್ ಅವರಿಗೆ ಕಾವ್ಯಶ್ರೀ ಮಾಡುವ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಹೇಗಿದೆ? ನಿಮ್ಮ ಹೆಸರು ಹಿಡಿದು ಬರೆದಿದ್ದೇನೆ ಎಂದು ಅವರಿಗೆ ಹೇಳಬೇಡಿ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದಾರೆ. ನಿಮ್ಮ ಆಯಸ್ಸು ಕಡಿಮೆ ಮಾಡಲು ನಾನು ಬೇರೆ ಏನು ಮಾಡಿದ್ದೇನೆ ಎಂಬುದನ್ನು ಮುಂದೆ ನಾನೇ ಬರೆಯುತ್ತೇನೆ.

ನಿಮ್ಮ ಮೆಸೇಜು ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಾನು ತುಂಬ ಒಳ್ಳೆಯವಳಾಗಿ ಕಾಣುತ್ತಿದ್ದೆ. ಎರಡನೆಯದನ್ನು ಅಮ್ಮ ಕದ್ದು ಓದಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಂದರೆ ಅದೂ ಸರಿಯಿರಲಿಲ್ಲ. ಈಗ ಕಣದಲ್ಲಿ ಜೋಳದ ಮೂಟೆಗೆ ಒರಗಿ ಕೂತು ಮೂರನೆಯದನ್ನು ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ಮೂರನೆಯ ಮಾತಿಗೆ ನೀವು "ಆಯ್ತು ಬಿಡು" ಎನ್ನುತ್ತೀರಿ, ನಾಲ್ಕನೆಯ ಮಾತಿಗೆ ನಾನು ಕಟ್ ಮಾಡುತ್ತೇನೆ. ಕಾಗದವನ್ನು ನೀವು ಅರ್ಧಕ್ಕೆ ಮಡಚಿಟ್ಟರೂ ಉಳಿದರ್ಧ ಅಲ್ಲೇ ಇರುತ್ತದೆ.

ನಿಮ್ಮ ಮೆಸೇಜು ನನಗೆ ಬಾಯಿಪಾಠವಾಗಿದೆ. "ಗಾಯ ವಾಸಿ ಆಯ್ತಂತಲ್ಲ. ಪಿಕ್ಕಿಂಗ್ ಶುರುವಾಗಿದೆ. ಆಳು ಸಾಲ್ತಿಲ್ಲ. ಯಾವಾಗ ಬರ್ತೀಯ?" ಅಷ್ಟೇ. ನಾಲ್ಕು ವಾಕ್ಯ, ಅದರಲ್ಲಿ ಎರಡು ಕಾಫಿಯ ಬಗ್ಗೆ. ಓದಿದಾಗ ನನ್ನ ಕಿವಿ ಬಿಸಿಯಾಯಿತು. ನೀವು ಎಸ್ಟೇಟಿನಲ್ಲಿ ರೈಟರ್. ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ತೋಟದ ಯಾವ ಪಟ್ಟಿಗೆ ಹೋಗಬೇಕೆಂದು ಹೇಳುವುದು ನಿಮ್ಮ ಕೆಲಸ. ರಜೆ ಮುಗಿದ ಆಳನ್ನು ಕರೆಯುವ ಹಾಗೆ ಹೆಂಡತಿಯನ್ನೂ ಕರೆದಿದ್ದೀರಿ. ಆದರೆ ನಾನು ರಜೆ ಹಾಕಿ ಬಂದವಳಲ್ಲ. ಗಾಯ ಹೊತ್ತುಕೊಂಡು ಬಂದವಳು.

ಆ ಗಾಯದ ಕಥೆಯನ್ನು ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವ ಕಥೆಯೇ ಎನ್ನಬೇಡಿ. ನಿಮಗೆ ಗೊತ್ತಿಲ್ಲ.

ದೀಪಾವಳಿಗೆ ಮೂರು ದಿನ ಮೊದಲು. ನಾವಿಬ್ಬರೂ ಮಾತು ಬಿಟ್ಟು ಅವತ್ತಿಗೆ ನಾಲ್ಕು ದಿನ. ಯಾಕೆ ಬಿಟ್ಟದ್ದು ಎಂದು ನೆನಪಿದೆಯಾ? ಮನೆ ಹಿಂದೆ ನೆರಳಿನ ಬಲೆ ಕಟ್ಟಿ ನಾನು ಆರುನೂರು ಕಾಳುಮೆಣಸಿನ ಬಳ್ಳಿ ಎಬ್ಬಿಸಿದ್ದೆ. ಮದುವೆಗೆ ಮುಂಚೆ ಚೆಟ್ಟಳ್ಳಿಯ ನರ್ಸರಿಯೊಂದರಲ್ಲಿ ದಿನಗೂಲಿಗೆ ಹೋಗಿ ಕಲಿತ ಕೆಲಸ ಅದು. ಓದು ಬಿಟ್ಟ ಮೇಲೆ ನಾನು ಹಿಡಿದ ಐದು ಕೆಲಸಗಳಲ್ಲಿ ಬೇಸರ ಬರದೇ ಮಾಡಿದ್ದು ಅದೊಂದನ್ನೇ. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ನೀವು ಅಷ್ಟನ್ನೂ ನಿಮ್ಮ ಭಾವನ ಪಿಕಪ್ಪಿಗೆ ತುಂಬಿಸಿ ಕಳಿಸಿದ್ದಿರಿ. ಕೇಳಿದರೆ, "ಮನೆಯವರಿಗೆ ತಾನೇ ಕೊಟ್ಟಿದ್ದು? ಇನ್ನೊಂದು ಸಲ ಎಬ್ಬಿಸ್ಕೊ. ನಿನಗೇನು ಬೇರೆ ಕೆಲಸ ಇದೆ?" ಎಂದಿರಿ.

ನಾನು ಏನೆಂದೆ ಎಂಬುದನ್ನೂ ಬರೆಯುತ್ತೇನೆ. "ನಿಮ್ಮ ಬಿ.ಕಾಂ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಕಾಫಿ ಕಣಕ್ಕೆ ಹಾಸಿ, ಮಳೆ ಬಂದ್ರೆ ಬೀಜ ಆದ್ರೂ ಒಣಗಿರ್ತದೆ" ಎಂದೆ. ಅತ್ತೆ ಅಡುಗೆಮನೆಯಿಂದ ನಕ್ಕದ್ದು ನಿಮಗೆ ಕೇಳಿಸಿತು. ಮಾತು ಬಿಟ್ಟದ್ದು ಆ ನಗುವಿನಿಂದ, ಬಳ್ಳಿಯಿಂದಲ್ಲ.

ನಾಲ್ಕನೆಯ ದಿನ ನಾನು ಎಸ್ಟೇಟಿನ ಕೂಲಿಲೈನಿನ ಇಬ್ಬರು ಹೆಂಗಸರ ಜೊತೆ ನಮ್ಮ ಮೂರೆಕರೆ ಕಾಫಿ ತೋಟದಲ್ಲಿ ಕಾಡು ಕಡಿಯುತ್ತಿದ್ದೆ. ಪಿಕ್ಕಿಂಗಿಗೆ ಮುಂಚೆ ಗಿಡದ ಬುಡ ಚೊಕ್ಕ ಆಗಬೇಕಲ್ಲ. ತಲೆಯೊಳಗೆ ನಿಮ್ಮ ಜೊತೆ ಜಗಳವಾಡಿಕೊಂಡೇ ಕತ್ತಿ ಬೀಸುತ್ತಿದ್ದೆ. ನೀವು ಒಂದು ಅಂದರೆ ನಾನು ಎರಡು, ಎಲ್ಲವೂ ತಲೆಯೊಳಗೆ. ಹುಲ್ಲಿನ ಅಡಿಯಲ್ಲಿ ಕಲ್ಲಿತ್ತು. ಕತ್ತಿ ಅದಕ್ಕೆ ತಾಗಿ, ಎಗರಿ, ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಬಿತ್ತು. ಮೊದಲು ನೋವೇ ಆಗಲಿಲ್ಲ. ಬೆಳ್ಳಗೆ ಏನೋ ಕಂಡಿತು, ಆಮೇಲೆ ಕೆಂಪು. ಲೈನಿನ ಒಬ್ಬ ಹೆಂಗಸು ಕಮ್ಯುನಿಸ್ಟ್ ಗಿಡದ ಎಲೆ ಉಜ್ಜಿ ಒತ್ತಿ ಹಿಡಿದಳು. ಇನ್ನೊಬ್ಬಳು ಓಡಿಹೋಗಿ ಆಳು ಸಾಗಿಸುವ ಪದ್ಮಯ್ಯನವರ ಜೀಪು ನಿಲ್ಲಿಸಿದಳು.

ಪದ್ಮಯ್ಯನವರು ನೋಡಿದವರೇ, "ಏನ್ ಕೂಸೇ, ಕಾಡು ಕಡಿ ಅಂದ್ರೆ ಕಾಲು ಕಡ್ಕೊಂಡ್ಯಲ್ಲ! ನಿಂಗೆ ಎರಡು ಸಂಬಳ ಕೊಡ್ಬೇಕು" ಎಂದು ನಗಿಸಲು ನೋಡಿದರು. ಜೀಪಿನ ಸೀಟೆಲ್ಲ ರಕ್ತವಾಯಿತು ಎಂದು ನಾನು ಹೇಳಿದ್ದಕ್ಕೆ, "ಸೀಟು ತೊಳೆದ್ರೆ ಹೋಗ್ತದೆ, ನೀ ಕಣ್ಣು ಮುಚ್ಬೇಡ, ಮಾತಾಡ್ತಾ ಇರು" ಎಂದು ದಾರಿಯುದ್ದಕ್ಕೂ ತಮ್ಮ ಹಂದಿ ಬೇಟೆಯ ಸುಳ್ಳು ಕಥೆ ಹೇಳಿದರು. ಜೀಪಿನಿಂದಲೇ ನಿಮಗೆ ಫೋನ್ ಮಾಡಿದೆ. ನೀವು ಹಾಜರಿ ಮುಗಿಸಿ ಸ್ಟೋರಿನಲ್ಲಿದ್ದಿರಿ. "ಪದ್ಮಯ್ಯ ಇದ್ದಾರಲ್ಲ, ಹೋಗಿ ಹೊಲಿಸ್ಕೊ. ಸಂಜೆ ಬರ್ತೀನಿ" ಎಂದಿರಿ.

ಆರು ಹೊಲಿಗೆ. ಸಂಜೆ ಬಂದಿರಿ. ಬಾಗಿಲಲ್ಲೇ ನಿಂತು ಶೂ ಬಿಚ್ಚುತ್ತ, "ಕತ್ತಿ ಹಿಡಿಯೋಕೆ ಬರ್ದೋರು ಯಾಕೆ ಹೋಗ್ಬೇಕು?" ಎಂದಿರಿ. ನನಗೆ ಕತ್ತಿ ಹಿಡಿಯಲು ಬರುತ್ತದೆ. ಹೆಬ್ಬಾಲೆಯಲ್ಲಿ ಹತ್ತನೆಯ ವಯಸ್ಸಿಗೇ ಜೋಳದ ಕಡ್ಡಿ ಕಡಿದವಳು ನಾನು. ಅದನ್ನು ಹೇಳಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದೆ.

ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಅದಾದ ಮೂರನೆಯ ದಿನಕ್ಕೆ ಕೆಳಗಿನ ತುದಿ ಬಾಯಿ ಬಿಟ್ಟಿತು. ಅಲ್ಲಿಂದ ಶುರುವಾಯಿತು ಅತ್ತೆಯ ಪಥ್ಯ. ಗಾಯ ಮಾಯದಿದ್ದರೆ ಊಟದಲ್ಲಿ ನಂಜು ಇದೆ ಎಂದೇ ಅರ್ಥ. ಬದನೆಕಾಯಿ ನಂಜು, ಒಣಮೀನು ನಂಜು, ಕುಂಬಳ ನಂಜು, ಉದ್ದು ನಂಜು, ಮೊಟ್ಟೆ ನಂಜು. ವಾರಕ್ಕೊಂದು ಪದಾರ್ಥ ತಟ್ಟೆಯಿಂದ ಇಳಿಯುತ್ತ ಕೊನೆಗೆ ಅನ್ನ, ಮೆಣಸಿನ ಸಾರು, ಬೇಯಿಸಿದ ಹೀರೆಕಾಯಿ ಉಳಿದವು. ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಅವರು ನನಗಾಗಿ ಎರಡು ಒಲೆ ಉರಿಸಿದರು, ನೀರು ಕಾಯಿಸಿ ಗಾಯದ ಬಟ್ಟೆ ಬದಲಿಸಿದರು. ಮಂಡಿನೋವಿನಲ್ಲೂ ನನ್ನ ಮುಂದೆ ನೆಲದ ಮೇಲೆ ಕೂತು ಏಳಲಾಗದೆ, "ಕೈ ಕೊಡು ತಾಯಿ, ಈಗ ನಿನಗಿಂತ ನಾನೇ ಕುಂಟಿ" ಎನ್ನುತ್ತಿದ್ದರು. ಆದರೆ ನಂಜನ್ನು ಅವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದರು. ನಾವೆಲ್ಲರೂ ಹಾಗೇ ಹುಡುಕಿದೆವು. ಬದನೆಕಾಯಿಯನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದರು, ಇಲ್ಲ. ರಕ್ತ ನೋಡಿದರು, ಅಂಥ ಕಡಿಮೆಯೇನಿಲ್ಲ. ಮಾತ್ರೆ ಎರಡು ಸಲ ಬದಲಾಯಿತು. ಐದನೆಯ ವಾರ ಗಾಯ ಒಣಗಿ ಅಂಚು ಕೂಡಿಕೊಳ್ಳತೊಡಗಿತು. ಡ್ರೆಸ್ಸಿಂಗ್ ಮಾಡುವ ವಿನುತಾ ಸಿಸ್ಟರ್, "ಇನ್ನು ಒಂದ್ಸಲ ಬಾ, ಆಮೇಲೆ ನನ್ನ ಮುಖ ನೋಡ್ಬೇಡ" ಎಂದು ಕೈತಟ್ಟಿ ಕಳಿಸಿದರು. ಖುಷಿಯಲ್ಲಿ ಮನೆಗೆ ಬಂದೆ. ನಿಮಗೆ ಹೇಳೋಣವೆಂದು ಕಾದೆ. ನೀವು ಬಂದವರೇ ಸಾರು ಚಪ್ಪೆ ಎಂದು ತಟ್ಟೆ ಸರಿಸಿದಿರಿ. ನನ್ನ ಪಥ್ಯದ ಸಾರನ್ನೇ ಅತ್ತೆ ನಿಮಗೂ ಬಡಿಸಿದ್ದರು. ನಾನು ಏನೋ ಅಂದೆ, ನೀವು ಇನ್ನೇನೋ ಅಂದಿರಿ. "ಒಂದು ಕೆಲಸ ನೆಟ್ಟಗೆ ಮುಗಿಸಿದ್ದೀಯಾ ಜೀವನದಲ್ಲಿ? ಓದೂ ಅರ್ಧ, ಕೆಲಸಾನೂ ಅರ್ಧ, ಈಗ ನೋಡು, ಗಾಯಾನೂ ಅರ್ಧ" ಎಂದಿರಿ. ಚೆನ್ನಾಗಿ ಹೇಳಿದಿರಿ, ಒಪ್ಪುತ್ತೇನೆ. ನಾನು ತಟ್ಟೆಯನ್ನು ಅಂಗಳಕ್ಕೆ ಎಸೆದೆ. ಆಮೇಲೆ ಆರು ದಿನ ಮಾತಿಲ್ಲ.

ನಾಲ್ಕನೆಯ ದಿನಕ್ಕೆ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಕೀವು. ನಾನು ಕಥೆ ಕಟ್ಟುತ್ತಿಲ್ಲ, ಆಸ್ಪತ್ರೆಯ ಚೀಟಿಯಲ್ಲಿ ತಾರೀಕು ಇದೆ.

ಸಿಸ್ಟರ್ ಗಾಯದ ಬಟ್ಟೆ ಬಿಚ್ಚಿ ನೋಡಿ ಬೈಯಲಿಲ್ಲ. ಮುಂದಿನ ಟೋಕನ್ನಿನವರನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿದರು.

"ನಿದ್ದೆ ಬರ್ತದಾ?"

"ಇಲ್ಲ."

"ಊಟ?"

"ಪಥ್ಯ."

"ಜೊತೆಗೆ ಯಾರು ಬಂದಿದ್ದಾರೆ? ಗಂಡ ಎಲ್ಲಿ?"

"ಎಸ್ಟೇಟಲ್ಲಿ ಕೆಲಸ, ಸಿಸ್ಟರ್. ಪುರುಸೊತ್ತಿಲ್ಲ."

"ಆರು ವಾರಾನೂ ಇಲ್ವಾ?" ಎಂದರು. "ನೋಡಮ್ಮ, ನಿನ್ನ ಕಾಲಲ್ಲಿ ಏನೂ ತೊಂದರೆ ಇಲ್ಲ. ಮನೇಲಿ ದಿನಾ ಜಗಳ ಆದ್ರೆ, ಇಲ್ಲ ಜಗಳ ಆಡಿ ಮುಖ ಊದಿಸ್ಕೊಂಡು ಕೂತ್ರೆ, ಮೈ ಅದಕ್ಕೇ ಸೊಂಟ ಕಟ್ಕೊಂಡು ನಿಂತಿರ್ತದೆ. ಗಾಯ ಮಾಯಿಸೋಕೆ ಅದಕ್ಕೆ ಪುರುಸೊತ್ತು ಇರಲ್ಲ. ಡಾಕ್ಟ್ರು ಅದನ್ನ ಇಂಗ್ಲಿಷಲ್ಲಿ ಹೇಳ್ತಾರೆ, ನಾನು ನಂಗೆ ಬಂದಂಗೆ ಹೇಳ್ದೆ. ಸ್ವಲ್ಪ ದಿನ ಅಮ್ಮನ ಮನೆಗೆ ಹೋಗು."

ಇದನ್ನು ಬಂದು ನಿಮಗೆ ಹೇಳಿದೆ. ಆರು ದಿನದ ಮೌನ ಮುರಿದು ನಾನೇ ಮೊದಲು ಬಾಯಿ ತೆರೆದೆ, ಅದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ನೀವು ಟಿ.ವಿ.ಯಿಂದ ಕಣ್ಣು ತೆಗೆಯದೆ, "ಪಿಯುಸಿ ಬಿಟ್ಟೋಳು ಈಗ ಎಂಬಿಬಿಎಸ್ ಓದ್ತಿದ್ದೀಯಾ?" ಎಂದಿರಿ. "ಅಂದ್ರೆ ನಿನ್ನ ಕಾಲು ನಾನು ಕಡಿದೆ ಅನ್ನು" ಎಂದಿರಿ.

ಇಲ್ಲ. ಕಾಲು ಕಡಿದವಳು ನಾನೇ. ನಾನು ಅವತ್ತೂ ಹಾಗೆ ಹೇಳಲಿಲ್ಲ, ಇವತ್ತೂ ಹೇಳುತ್ತಿಲ್ಲ. ಆದರೆ ಏಳು ವಾರ ಅದು ಮಾಯದಂತೆ ನೋಡಿಕೊಂಡವರು ನಾವಿಬ್ಬರೂ ಸೇರಿ.

ಡಿಸೆಂಬರ್ ಹದಿನೇಳಕ್ಕೆ ಇಲ್ಲಿಗೆ ಬಂದೆ. ಪದ್ಮಯ್ಯನವರೇ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಎರಡನೆಯ ದಿನ ಅಮ್ಮ ಎಣ್ಣೆಗಾಯಿ ಮಾಡಿದ್ದಳು. ನಾನು ಪಥ್ಯ ಎಂದೆ. "ಬದನೆಕಾಯಿ ನಂಜು ಅಂತ ನಿಮ್ಮತ್ತೆ ಹೇಳಿದ್ರಾ? ನಮ್ಮೂರ ಕಡೆ ಬಾಣಂತಿಗೂ ಕದ್ದು ಕೊಡ್ತೀವಿ. ತಿನ್ನು, ಸತ್ರೆ ನಾನು ನೋಡ್ಕೊಂತೀನಿ" ಎಂದು ನಾಲ್ಕು ಹಾಕಿದಳು. ಸಾಯಲಿಲ್ಲ. ತಮ್ಮ ಸುದೀಪ ದಿನಾ ಸ್ಕೂಟರಿನಲ್ಲಿ ಕುಶಾಲನಗರಕ್ಕೆ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗುತ್ತಿದ್ದ. ಬರುವಾಗ "ಅಕ್ಕಾ, ಬೋಂಡಾನೂ ನಂಜಾ?" ಎಂದು ಅಂಗಡಿ ಮುಂದೆ ನಿಲ್ಲಿಸುತ್ತಿದ್ದ. ಅದೇ ಮಾತ್ರೆ, ಅದೇ ಮುಲಾಮು. ಮೊದಲ ಮೂರು ದಿನ ಸತ್ತ ಹಾಗೆ ನಿದ್ದೆ ಮಾಡಿದೆ. ಹದಿನಾರನೆಯ ದಿನಕ್ಕೆ ಗಾಯದ ಮೇಲೆ ಗುಲಾಬಿ ಚರ್ಮ ಬಂದಿತ್ತು. ಹದಿನಾರು ದಿನ ಮಹೇಶ್, ನೀವು ಲೆಕ್ಕದವರು, ನೀವೇ ಹೇಳಿ. ಅಲ್ಲಿ ನಲವತ್ತೊಂಬತ್ತು ದಿನ ಆಗದೇ ಇದ್ದದ್ದು ಇಲ್ಲಿ ಹದಿನಾರಕ್ಕೆ ಹೇಗಾಯಿತು?

ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಬಚ್ಚಲಲ್ಲಿ ಕೂತು ಕಾಲನ್ನು ನೋಡುತ್ತ ನಿಮಗೆ ಕೆಟ್ಟ ಕೆಟ್ಟ ಮಾತು ಬೈದೆ. ಅಮ್ಮ ಹೊರಗಿನಿಂದ, "ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದಳು.

ಸುದೀಪ ಜೋಳ ತುಂಬಲು ಕರೆಯುತ್ತಿದ್ದಾನೆ. ನಾಳೆ ಮುಗಿಸುತ್ತೇನೆ.

ಶನಿವಾರ

ಇವತ್ತು ಬೆಳಿಗ್ಗೆ ಎರಡು ಫೋನ್ ಬಂದವು. ಅದಕ್ಕೇ ಈ ಪುಟದ ಅಕ್ಷರ ಸೊಟ್ಟ ಇದೆ.

ಮೊದಲನೆಯದು ನಿಮ್ಮ ದೇವರಾಜು ದೊಡ್ಡಪ್ಪನದು. ಇಪ್ಪತ್ತಾರು ಭಾನುವಾರ ರಜೆಯಂತೆ, ತಾವೂ ದೊಡ್ಡಮ್ಮನೂ ನಿಮ್ಮನ್ನು ಕರೆದುಕೊಂಡು ಬಂದು, ಕೂತು ಮಾತಾಡಿ, ನನ್ನನ್ನು ಕರೆದುಕೊಂಡು ಹೋಗುತ್ತಾರಂತೆ. "ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಕಣವ್ವಾ, ಅದನ್ನೆಲ್ಲ ಊರಿಗೆ ಹರಡಬಾರ್ದು" ಎಂದರು.

"ನಾವು ಬೇರೆ ಬೇರೆ ಉಂಡು, ಒಬ್ಬರಿಗೊಬ್ಬರು ಬೆನ್ನು ಹಾಕಿ ಮಲಗ್ತಿದ್ವಿ ದೊಡ್ಡಪ್ಪ. ಆಗ ಎಲ್ಲಿ ತನಕ?" ಎಂದೆ.

"ಮಾತಿಗೆ ಮಾತು ಕೊಡೋದು ಕಲಿತಿದ್ದೀಯ, ಅದಕ್ಕೇ ಹಿಂಗಾಗಿರೋದು" ಎಂದರು. ಅದೂ ಸುಳ್ಳಲ್ಲ.

ಎರಡನೆಯದು ಅತ್ತೆಯದು. ಅವರು ಪ್ರೀತಿಯಿಂದಲೇ ಮಾಡಿದ್ದು. ಎಳ್ಳುಬೆಲ್ಲ ಎತ್ತಿಟ್ಟಿದ್ದೀನಿ ಎಂದರು, ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದರು. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದು ಹೇಳಿದರು: "ಅವನ ಬಗ್ಗೆ ಯೋಚನೆ ಮಾಡ್ಬೇಡ ತಾಯಿ. ಹೊಟ್ಟೆ ಉರಿ ಪೂರ್ತಿ ಕಮ್ಮಿ ಆಗೈತೆ. ಮಾತ್ರೆ ಬಿಟ್ಟು ಮೂರು ವಾರ ಆಯ್ತು. ಬಿ.ಪಿ.ನೂ ಇಳಿದೈತಂತೆ, ಎಸ್ಟೇಟಿಗೆ ಬಂದ ಡಾಕ್ಟ್ರು ನೋಡಿ ಹೇಳಿದ್ರಂತೆ. ಚೆನ್ನಾಗಿ ಉಣ್ತಾನೆ, ಚೆನ್ನಾಗಿ ಮಲಗ್ತಾನೆ."

ಫೋನ್ ಇಟ್ಟ ಮೇಲೆ ಕಣದಲ್ಲಿ ಹಿಂದೆ ಮುಂದೆ ಓಡಾಡಿದೆ. ಸುದೀಪ, "ಏನಕ್ಕಾ, ಜೋಳ ತುಳೀತಿದ್ದೀಯಾ?" ಎಂದ. ನನ್ನನ್ನು ಬಿಟ್ಟು ಒಂದೇ ತಿಂಗಳಿಗೆ ನಿಮ್ಮ ಹೊಟ್ಟೆ ತಣ್ಣಗಾಯಿತೇ? ಎರಡು ವರ್ಷ ಬೆಳಗಾಗೆದ್ದು ಎದೆ ಉಜ್ಜಿಕೊಳ್ಳುತ್ತಿದ್ದವರು, ಮೂವತ್ತೊಂದರ ವಯಸ್ಸಿಗೇ ನೂರೈವತ್ತು ಬಿ.ಪಿ. ತಂದುಕೊಂಡವರು, ನಾನು ಬಸ್ಸು ಹತ್ತಿದ್ದೇ ತಡ ಮಾತ್ರೆ ಬಿಟ್ಟಿರಾ? ನನಗೆ ಅಷ್ಟು ಸಿಟ್ಟು, ಅಷ್ಟು ಅವಮಾನ ಆದದ್ದು ನೀವು ತಟ್ಟೆ ಸರಿಸಿದಾಗಲೂ ಆಗಿರಲಿಲ್ಲ.

ಆಮೇಲೆ ಕೂತೆ. ನನ್ನ ಕಾಲು ವಾಸಿಯಾದದ್ದೂ ನಿಮ್ಮ ಹೊಟ್ಟೆ ವಾಸಿಯಾದದ್ದೂ ಒಂದೇ ಕಥೆ. ನನ್ನದನ್ನು ನಂಬಿ ಎಂದು ನಿಮ್ಮ ಮೇಲೆ ರೇಗುತ್ತೇನೆ, ನಿಮ್ಮದನ್ನು ಕೇಳಿದರೆ ನನಗೆ ಉರಿಯುತ್ತದೆ. ಇದು ನ್ಯಾಯವಲ್ಲ. ಹಾಗಾಗಿ ನಿನ್ನೆ ಬರೆಯುತ್ತೇನೆ ಎಂದದ್ದನ್ನು ಈಗ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರವನ್ನೂ ಹರಿಯಬೇಕಾಗುತ್ತದೆ.

ಗಾಂಧಾರಿ ಮೆಣಸು. ನಿಮಗೆ ಖಾರ ಆಗುವುದಿಲ್ಲ ಎಂದು ಗೊತ್ತಿದ್ದೂ ಚಟ್ನಿಗೆ ಬೇಕೆಂದೇ ಜಾಸ್ತಿ ಹಾಕಿದ್ದೇನೆ. ಕೈತಪ್ಪಿ ಅಲ್ಲ. ನೀವು ನೀರು ಕುಡಿದು, ಬೆವರಿ, ಎದೆ ಹಿಡಿದುಕೊಂಡು ಅಂಗಳಕ್ಕೆ ಹೋದದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಎರಡು ಸಲ ಎಂದು ಬರೆಯಲು ಹೊರಟಿದ್ದೆ, ಮೂರು ಸಲ. ಮೂರನೆಯ ಸಲ ನೀವು ಊಟ ಬಿಟ್ಟು ಕೆಲಸಕ್ಕೆ ಹೋದಿರಿ, ನಾನು ಹಾಡು ಹೇಳಿಕೊಂಡು ಪಾತ್ರೆ ತೊಳೆದೆ. ಇದನ್ನು ಓದಿ ನಿಮಗೆ ಸಿಟ್ಟು ಬರಲಿ. ಬರಬೇಕು. ನನ್ನ ಕಾಲಿಗೆ ನೀವು ಮದ್ದು ಹಚ್ಚಲಿಲ್ಲ, ನಿಮ್ಮ ಹೊಟ್ಟೆಗೆ ನಾನು ಬೆಂಕಿ ಹಾಕಿದೆ. ಇದರಲ್ಲಿ ಯಾರದು ದೊಡ್ಡ ತಪ್ಪು ಎಂದು ದೊಡ್ಡಪ್ಪ ಕೂತು ತೀರ್ಮಾನ ಮಾಡುವುದು ಬೇಡ. ಅವರಿಗೆ ಬೇಕಾಗಿರುವುದು ನಾನು ಸಂಜೆ ಬಸ್ಸಿಗೆ ಮುಂಚೆ ಬ್ಯಾಗು ಹಿಡಿದು ಹೊರಡುವುದು. ನಮ್ಮಿಬ್ಬರಲ್ಲಿ ಯಾರ ಮೈಗೆ ಏನಾಯಿತು ಎಂಬುದು ಅವರಿಗೆ ಬೇಕಿಲ್ಲ.

ನನಗೆ ಈಗ ಭಯ ಇರುವುದು ಒಂದಕ್ಕೇ. ನಾನು ಹೀಗೇ ಬಂದರೆ ಮುಂದಿನ ಮಳೆಗಾಲಕ್ಕೆ ನೀವು ಮತ್ತೆ ಎದೆ ಉಜ್ಜಿಕೊಳ್ಳುತ್ತಿರುತ್ತೀರಿ, ನನಗೆ ಇನ್ನೇನೋ ಆಗಿರುತ್ತದೆ. ಕತ್ತಿ ಬೇಕಾಗುವುದಿಲ್ಲ. ಅತ್ತೆ ಒಂದೊಂದೇ ಪದಾರ್ಥವನ್ನು ನಂಜು ಎಂದು ಇಳಿಸುತ್ತ ಹೋಗುತ್ತಾರೆ, ನಾವಿಬ್ಬರೂ ಗಂಜಿ ಕುಡಿದುಕೊಂಡು ಒಬ್ಬರನ್ನೊಬ್ಬರು ಸಾಯಿಸುತ್ತೇವೆ. ನಲವತ್ತು ವರ್ಷ ಹಾಗೆ ಬದುಕುವವರು ಇದ್ದಾರೆ. ನಿಮ್ಮ ಎಸ್ಟೇಟಿನ ಬಂಗಲೆಯ ದೇರಪ್ಪನವರನ್ನೇ ನೋಡಿ. ಗಂಡನಿಗೆ ಒಂದು ಕೋಣೆ ಹೆಂಡತಿಗೆ ಒಂದು, ಇಬ್ಬರಿಗೂ ಒಂದೊಂದು ಡಬ್ಬ ಮಾತ್ರೆ. ಊರೆಲ್ಲ ಅವರನ್ನು ಒಳ್ಳೆಯ ಜೋಡಿ ಎನ್ನುತ್ತದೆ.

ನಾವು ಮೊದಲು ಹೀಗಿರಲಿಲ್ಲ, ಅದೇ ಸಿಟ್ಟು. ಮದುವೆಯಾದ ಮೊದಲ ಮಳೆಗಾಲ ತೋಟದಿಂದ ಬಂದರೆ ನೀವು ನನ್ನನ್ನು ಜಗಲಿಯ ಮೇಲೆ ಕೂರಿಸಿ, ಉಪ್ಪಿನ ಗಂಟು ಹಿಡಿದು ಜಿಗಣೆ ಬಿಡಿಸುತ್ತಿದ್ದಿರಿ. ಒಂದು ದಿನ ಹನ್ನೊಂದು ಸಿಕ್ಕಿದವು. "ಇವಕ್ಕೆ ನಮ್ಮ ಮನೇಲಿ ನಿನ್ನ ರಕ್ತ ಮಾತ್ರ ಸಿಹಿ" ಎಂದಿರಿ. ಅತ್ತೆ ನಾಚಿಕೊಂಡು ಒಳಗೆ ಹೋದರು. ಅವತ್ತು ಜಿಗಣೆ ಕಚ್ಚಿದ ಹನ್ನೊಂದು ಜಾಗವೂ ಎರಡೇ ದಿನಕ್ಕೆ ಮಾಯ್ದವು. ಒಂದರಲ್ಲೂ ಕೆರೆತ ಬರಲಿಲ್ಲ. ಆ ಮನುಷ್ಯ ಎಲ್ಲಿಗೆ ಹೋದ ಎಂದು ನಿಮ್ಮನ್ನು ಕೇಳಬೇಕೋ, ಅವನನ್ನು ಓಡಿಸಿದವಳು ನಾನೋ, ನನಗೆ ಗೊತ್ತಿಲ್ಲ. ಹೆಚ್ಚು ಓದಿದವರಿಗೆ ಗೊತ್ತಿರಬಹುದು.

ನಾನು ಬರುವುದಿಲ್ಲ ಎಂದು ಬರೆಯುತ್ತಿಲ್ಲ. ಹೀಗೆ ಬರುವುದಿಲ್ಲ ಎಂದು ಬರೆಯುತ್ತಿದ್ದೇನೆ. ಪಿಕ್ಕಿಂಗಿಗೆ ಆಳು ಬೇಕಾದರೆ ಲೈನಿನಲ್ಲಿ ಕೇಳಿ, ಇಲ್ಲ ಪದ್ಮಯ್ಯನವರಿಗೆ ಹೇಳಿ, ಜೀಪು ತುಂಬ ತಂದು ಇಳಿಸುತ್ತಾರೆ. ನನ್ನ ಬಳ್ಳಿಗಳನ್ನು ಭಾವ ನೆಟ್ಟುಬಿಟ್ಟಿದ್ದರೆ ನೆಟ್ಟಿರಲಿ, ಕಿತ್ತು ತರಬೇಡಿ, ಬೇರು ಸಾಯುತ್ತವೆ. ನಾನು ಇಲ್ಲೇ ಹೊಸದಾಗಿ ಇನ್ನೂರು ಎಬ್ಬಿಸಿದ್ದೇನೆ. ನನ್ನನ್ನು ಕೇಳದೆ ಅಮ್ಮ ಒಂದನ್ನೂ ಯಾರಿಗೂ ಕೊಟ್ಟಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡಿ ಎನ್ನಿ. ಬದನೆಕಾಯಿಯ ವಿಷಯ ಅವರಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಪದ್ಮಯ್ಯನವರ ಜೀಪಿನ ಸೀಟು ಬೆಳ್ಳಗಾಯಿತೇ ಕೇಳಿ. ನಿಮಗೆ ಆಶೀರ್ವಾದ ಮಾಡುವಷ್ಟು ನಾನು ದೊಡ್ಡವಳಲ್ಲ. ಆದರೂ ಮನಸ್ಸಾರೆ ಬರೆಯುತ್ತೇನೆ, ನನ್ನ ಜೊತೆಯಲ್ಲಿದ್ದರೂ ಇಲ್ಲದಿದ್ದರೂ ನಿಮ್ಮ ಹೊಟ್ಟೆ ತಣ್ಣಗಿರಲಿ. ರಾತ್ರಿ ನಿದ್ದೆ ಬರಲಿ.

ಇಂತಿ,
ಕಾವ್ಯಶ್ರೀ

ಮರೆತಿದ್ದೆ: ಮರೆತಿರಲಿಲ್ಲ. ಪತ್ರದೊಳಗೆ ಬರೆಯಲು ಧೈರ್ಯವಿರಲಿಲ್ಲ, ಅದಕ್ಕೆ ಹೆಸರಿನ ಕೆಳಗೆ ಬರೆಯುತ್ತಿದ್ದೇನೆ. ಏಳು ವಾರ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಒಂದು ದಿನವಾದರೂ "ಗಾಯದ ಬಟ್ಟೆ ಬಿಚ್ಚು, ನೋಡೋಣ" ಎಂದು ನೀವು ಹೇಳಲಿಲ್ಲ. ಲೈನಿನ ಹೆಂಗಸು ನೋಡಿದಳು, ಪದ್ಮಯ್ಯನವರು ನೋಡಿದರು, ಅತ್ತೆ ದಿನಾ ತೊಳೆದರು. ಎಸ್ಟೇಟ್ ಲಾರಿಯ ಕ್ಲೀನರ್ ಹುಡುಗ ಬೆರಳು ಜಜ್ಜಿಕೊಂಡಾಗ ಎಸ್ಟೇಟಿನ ರಿಜಿಸ್ಟರಿನಲ್ಲಿ "ಎಡಗೈ, ಉಂಗುರದ ಬೆರಳು, ಎರಡನೆಯ ಗೆಣ್ಣು" ಎಂದು ಬರೆದವರು ನೀವು, ಮನೆಗೆ ಬಂದೂ ಅವನ ಬಗ್ಗೆ ಮರುಗಿದಿರಿ. ಈ ಪತ್ರದಲ್ಲಿ ಕತ್ತಿ ಬಿದ್ದದ್ದು ಯಾವ ಕಾಲಿಗೆ ಎಂದು ನಾನು ಎಲ್ಲೂ ಬರೆದಿಲ್ಲ. ಬೇಕೆಂದೇ ಬರೆದಿಲ್ಲ. ಇಪ್ಪತ್ತಾರರ ಭಾನುವಾರ ದೊಡ್ಡಪ್ಪನನ್ನು ಬಿಟ್ಟು ನೀವೊಬ್ಬರೇ ಬನ್ನಿ. ಅತ್ತೆಯನ್ನು ಕೇಳಿಕೊಂಡು ಬರಬೇಡಿ. ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತೇನೆ, ಯಾವ ಕಾಲು ಎಂದು ಹೇಳಿ. ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ, ಗೊತ್ತಿಲ್ಲ ಎನ್ನಿ. ಆ ಮಾತನ್ನೂ ನಿಮ್ಮ ಬಾಯಿಂದ ನಾನು ಇದುವರೆಗೆ ಕೇಳಿಲ್ಲ.